ಬೋಗಿಯಲ್ಲಿ ಮನೆ ನೋಡುವ ಶಾಸ್ತ್ರ

ನನಗೆ ಹೆಣ್ಣು ಸಿಗದಿರಲು ರೈಲೇ ಕಾರಣ ಎಂದು ಅಮ್ಮ ಬೈಂದೂರಿನ ಮೀನು ಮಾರ್ಕೆಟ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಮುಂಬೈಗೆ ಹೋಗುವ ರಾತ್ರಿ ರೈಲಿನ ಎ.ಸಿ. ಬೋಗಿಯಲ್ಲಿ ನಾನು ಅಟೆಂಡೆಂಟ್. ಸಂಜೆ ಹೊದಿಕೆ, ದಿಂಬು, ಕಂಬಳಿ ಹಂಚಬೇಕು, ಬೆಳಿಗ್ಗೆ ಅವನ್ನೆಲ್ಲ ಒಟ್ಟು ಮಾಡಿ ಮಡಚಿಡಬೇಕು, ನಡುವಿನ ಹೊತ್ತಿನಲ್ಲಿ ಬೈಸಿಕೊಳ್ಳಬೇಕು. ಕೆಲಸ ಗುತ್ತಿಗೆಯದು. ಈಗಲೂ ಅದನ್ನೇ ಮಾಡುತ್ತಿದ್ದೇನೆ, ಬೇಸರವೇನೂ ಇಲ್ಲ.

ಊರಿನಲ್ಲಿ ನನ್ನನ್ನು ರೈಲ್ವೆಯವ ಎನ್ನುತ್ತಾರೆ. ಕುಂದಾಪುರದಲ್ಲಿ ಯಾರದಾದರೂ ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂತರೆ ಪಕ್ಕದವರು ಸಾರು ಕಲಸುವ ಮೊದಲೇ ಎಡಗೈಯಲ್ಲಿ ಫೋನು ತೆಗೆದು ವೇಟಿಂಗ್ ಲಿಸ್ಟಿನ ಟಿಕೇಟು ತೋರಿಸುತ್ತಾರೆ. ‘ಇದೊಂದ್ ಕನ್ಫರ್ಮ್ ಮಾಡ್ಸಿ ಕೊಡ್ಕಲೆ ಮಾರಾಯ್ರೆ’ ಎನ್ನುತ್ತಾರೆ. ನನ್ನ ಕೈಯಲ್ಲಿರುವುದು ಬರೀ ಕಂಬಳಿ ಎಂದರೆ ನಂಬುವುದಿಲ್ಲ, ಇವನಿಗೆ ದೊಡ್ಡಸ್ತಿಕೆ ಬಂತು ಎನ್ನುತ್ತಾರೆ. ಟಿಕೇಟು ಕೇಳುವಾಗ ರೈಲ್ವೆಯವನಾಗಿದ್ದ ನಾನು, ಹೆಣ್ಣು ಕೇಳಲು ಹೋದಾಗ ಮಾತ್ರ ಕಂಬಳಿ ಹಂಚುವವನಾಗಿಬಿಡುತ್ತಿದ್ದೆ. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಗುಲ್ವಾಡಿಯ ಒಂದು ಮನೆಯವರು ನೇರವಾಗಿಯೇ ಹೇಳಿದರು. ‘ರಾತ್ರಿ ಮನಿಯಂಗ್ ಇಲ್ದಿದ್ ಗಂಡ್ ಎಂತಕ್?’ ಸಾಸ್ತಾನದವರು ಮರ್ಯಾದಸ್ಥರು, ಜಾತಕ ಕೂಡಿ ಬರಲಿಲ್ಲ ಎಂದು ಹೇಳಿ ಕಳಿಸಿದರು. ನಾವು ಅವರಿಗೆ ಜಾತಕವನ್ನೇ ಕೊಟ್ಟಿರಲಿಲ್ಲ. ಅಮ್ಮ ಕುಂಭಾಶಿಗೆ ಹೋಗಿ ಗಣಪತಿಗೆ ಏನೋ ಹೇಳಿಕೊಂಡು ಬಂದಳು. ಏನೆಂದು ನಾನು ಕೇಳಲಿಲ್ಲ, ರೈಲಿಗೆ ಶಾಪ ಹಾಕಿರಬಹುದು ಎಂಬ ಅನುಮಾನ ಇತ್ತು.

ಆಮೇಲೆ ಬ್ರಹ್ಮಾವರದ ಸಂಬಂಧ ಬಂತು. ಹುಡುಗಿ ಪೇಟೆಯಲ್ಲಿ ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ನಾವು ನೋಡಲು ಹೋದಾಗ ಕಾಫಿ ಕೊಟ್ಟು ಒಳಗೆ ಓಡುವುದು ಬಿಟ್ಟು ಎದುರು ಕುರ್ಚಿ ಎಳೆದುಕೊಂಡು ಕೂತಳು.

‘ರೈಲಂಗೆ ನಿಮ್ಗೆ ನಿದ್ರಿ ಬತ್ತಾ?’ ಎಂದು ಕೇಳಿದಳು.

‘ಬತ್ತ್. ಮಲ್ಕಂಬುಕ್ ಯಾರೂ ಬಿಡುದಿಲ್ಲ’ ಎಂದೆ.

ಅವಳು ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿಯದೆ, ಅಪ್ಪನ ಮುಖ ನೋಡದೆ, ನಗು ಬಂದದ್ದಕ್ಕೆ ನಕ್ಕಳು. ಅಲ್ಲಿಂದ ಏಳುವಾಗ ನನಗೆ ಗೊತ್ತಾಗಿತ್ತು, ಇವಳಾದರೆ ಮದುವೆ, ಇಲ್ಲವಾದರೆ ನಾನೂ ನನ್ನ ಕಂಬಳಿಗಳೂ ಹೀಗೆಯೇ ಇದ್ದುಬಿಡುವುದು. ಮೊದಲ ಸಲ ನನಗೆ ಈ ವಿಷಯದಲ್ಲಿ ಹೆದರಿಕೆ ಆಯಿತು. ಬೇಕು ಅನಿಸಿದ್ದು ಕೈ ತಪ್ಪಿದರೆ ಎಂಬ ಹೆದರಿಕೆ ಅಲ್ಲಿಯವರೆಗೆ ನನಗೆ ಇರಲಿಲ್ಲ.

ಹುಡುಗಿಯ ಅಪ್ಪ ಸಾಧು ಮನುಷ್ಯ. ಹವಾಮಾನದ ಬಗ್ಗೆ ಕೇಳಿದರೂ ‘ಅಕ್ಕನ್ ಹತ್ರ ಒಂದ್ ಮಾತ್ ಕೇಂತೆ’ ಎನ್ನುವವರು. ಆ ಅಕ್ಕ, ಅಂದರೆ ಹುಡುಗಿಯ ಸೋದರತ್ತೆ, ಗಂಡನ ಜೊತೆ ಬಹಳ ವರ್ಷ ಮುಂಬೈಯಲ್ಲಿ ಕ್ಯಾಂಟೀನು ನಡೆಸಿ, ಗಂಡ ತೀರಿದ ಮೇಲೆ ಊರಿಗೆ ಬಂದು ತಮ್ಮನ ಸಂಸಾರ ನಡೆಸುತ್ತಿದ್ದರು. ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. ಅವರು ನನ್ನನ್ನು ನೋಡಿದ್ದು ಮುಂದಿನ ವಾರ, ಮನೆ ನೋಡಲು ಬೈಂದೂರಿಗೆ ಬಂದಾಗ.

ನಮ್ಮ ಕಡೆ ಹೆಣ್ಣು ಗಂಡು ಒಪ್ಪಿದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರೆ. ಗಂಡಸರು ಚಾವಡಿಯಲ್ಲಿ ಅವಲಕ್ಕಿ ತಿನ್ನುತ್ತ ಹೆದ್ದಾರಿ ಕಾಮಗಾರಿಯ ಬಗ್ಗೆ ಮಾತಾಡುತ್ತಾರೆ. ನಿಜವಾದ ನೋಡುವ ಕೆಲಸ ನಡೆಯುವುದು ಹಿಂದಿನ ಬಾಗಿಲಲ್ಲಿ. ಹೆಂಗಸರು ಬಾವಿಗೆ ಇಣುಕುತ್ತಾರೆ, ನೀರು ಸೇದಿ ಬಾಯಿಗೆ ಹಾಕಿಕೊಂಡು ನೋಡುತ್ತಾರೆ, ಬಚ್ಚಲ ಬಾಗಿಲು ತೆಗೆಯುತ್ತಾರೆ, ಅಡಿಗೆ ಮನೆಯ ಮಾಡಿನ ಹೆಂಚುಗಳನ್ನು ತಲೆಯೆತ್ತಿ ನೋಡುತ್ತಾರೆ. ಹಿಂದಿರುಗುವಾಗ ನೆರೆಮನೆಯ ಅಂಗಳದಲ್ಲಿ ಯಾರಾದರೂ ಕಂಡರೆ ನಿಂತು, ಈ ಮನೆಯವರು ಹೇಗೆ ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಕೇಳದೆ ಹೋದರೆ ನಮಗೇ ಒಂದು ಥರ ಅವಮಾನ.

ಅತ್ತೆ ಎಲ್ಲ ನೋಡಿದರು. ಚಾವಡಿಗೆ ಬಂದು ಸೆರಗಿನಿಂದ ಕೈ ಒರೆಸಿಕೊಂಡರು. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

‘ಮನೆ ಸಮ ಇತ್ತ್. ನೀರ್ ಲಾಯ್ಕಿತ್ತ್’ ಎಂದರು ಅತ್ತೆ. ‘ಆದ್ರೆ ಹೈದ ಈ ಮನಿಯಂಗ್ ಇಪ್ಪುದ್ ಎಷ್ಟ್ ದಿನ? ಅವ ಇಪ್ಪುದ್ ರೈಲಂಗೆ. ಹಂಗಾರೆ ನಾವ್ ಕಾಣ್ಕಾದ್ ಆ ಮನಿ ಅಲ್ದಾ?’

ಹೈದ ಎಂದರೆ ನಮ್ಮಲ್ಲಿ ಹುಡುಗ. ಹೈದನಾದ ನಾನು ತಮಾಷೆ ಎಂದುಕೊಂಡು ಹಲ್ಲು ಕಿರಿದೆ. ಅವರು ನಗಲಿಲ್ಲ. ತೀರಿಹೋದ ಗಂಡನ ಕಡೆಯವರ ಮದುವೆಗೆ ಹೇಗೂ ಮುಂಬೈಗೆ ಹೋಗುವುದಿದೆ, ನಾನು ಯಾವ ದಿನ ಹೊರಡುತ್ತೇನೆ, ಯಾವ ಬೋಗಿ ಎಂದು ಕೇಳಿಕೊಂಡರು. ಎರಡು ದಿನದಲ್ಲಿ ಅವರ ತಮ್ಮನಿಂದ ಫೋನು ಬಂತು. ನನ್ನದೇ ಬೋಗಿಯಲ್ಲಿ ಕೆಳಗಿನ ಸೀಟು, ಕನ್ಫರ್ಮ್ ಆಗಿದೆ. ಊರಿನವರಿಗೆಲ್ಲ ವೇಟಿಂಗ್ ಲಿಸ್ಟು ಸಿಗುವ ಕಾಲದಲ್ಲಿ ಇವರಿಗೆ ಮಾತ್ರ ಕನ್ಫರ್ಮ್ ಆದದ್ದು ನೋಡಿದರೆ ಇಲಾಖೆಯೂ ಇವರಿಗೆ ಹೆದರುತ್ತದೆ ಅನಿಸಿತು.

ಹೊರಡುವ ದಿನ ಅಮ್ಮ ಬುದ್ಧಿ ಹೇಳಿದಳು. ‘ತಲಿ ಬಾಚ್ಕೊ. ಬಾಯ್ ಮುಚ್ಕೊ.’

ಎರಡನೆಯದು ಕಷ್ಟ. ನನ್ನ ಬಾಯಿ ಚಿಕ್ಕಂದಿನಿಂದ ಹಾಗೆಯೇ. ಪ್ರಯಾಣಿಕರು ಕೆಟ್ಟವರಲ್ಲ, ಆದರೆ ಎ.ಸಿ. ಬೋಗಿ ಹತ್ತಿದ ಕೂಡಲೇ ಮನುಷ್ಯನಿಗೆ ಏನೋ ಆಗುತ್ತದೆ. ಮನೆಯಲ್ಲಿ ಚಾಪೆಯ ಮೇಲೆ ಮಲಗುವವನೂ ಇಲ್ಲಿ ಹೊದಿಕೆಯ ಅಂಚು ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಾನೆ. ಒಬ್ಬರಿಗೆ ಚಳಿ ಹೆಚ್ಚಾಯಿತು, ಅವರ ಮೇಲಿನ ಸೀಟಿನವರಿಗೆ ಸೆಕೆ. ಇಬ್ಬರೂ ನನ್ನನ್ನೇ ನೋಡುತ್ತಾರೆ, ಗಾಳಿ ನನ್ನ ಕಿಸೆಯಲ್ಲಿದ್ದ ಹಾಗೆ.

ಅವತ್ತು ರೈಲು ಉಡುಪಿ ಬಿಟ್ಟ ಕೂಡಲೇ ಒಂದು ಜಗಳ ಆಯಿತು. ನಿವೃತ್ತರಾದ ಒಬ್ಬ ಹಿರಿಯರು, ಹೆಂಡತಿಯ ಜೊತೆ ಮಗಳ ಮನೆಗೆ ಹೊರಟವರು, ಎರಡನೆಯ ದಿಂಬು ಬೇಕೆಂದರು. ತಲೆಗೊಂದೇ ದಿಂಬು ಕೊಟ್ಟು ಕಳಿಸಿರುತ್ತಾರೆ, ಇಲ್ಲ ಎಂದೆ. ಬೇಕೇ ಬೇಕು ಎಂದರು. ‘ಇನ್ನೊಂದು ತಲೆ ತೋರಿಸಿ ಸಾರ್, ಇನ್ನೊಂದು ದಿಂಬು ಕೊಡುತ್ತೇನೆ’ ಎಂದುಬಿಟ್ಟೆ. ಸುತ್ತಲಿದ್ದ ಕಾಲೇಜು ಹುಡುಗಿಯರು ಗೊಳ್ಳೆಂದು ನಕ್ಕರು. ಹಿರಿಯರ ಮುಖ ಕೆಂಪಾಯಿತು. ಫೋನಿನಲ್ಲಿ ದೂರು ಹಾಕುತ್ತೇನೆ ಎಂದರು. ಅಷ್ಟರಲ್ಲಿ ರೈಲು ಬಾರ್ಕೂರಿನಲ್ಲಿ ನಿಂತಿತು. ಬ್ರಹ್ಮಾವರದವರು ಹತ್ತುವುದು ಅಲ್ಲಿಯೇ.

ಅತ್ತೆ ಹತ್ತಿದರು. ಗಂಜಿ ಹಾಕಿದ ಕಾಟನ್ ಸೀರೆ, ಕುತ್ತಿಗೆಗೆ ಸರದಲ್ಲಿ ತೂಗುವ ಕನ್ನಡಕ, ಕೈಯಲ್ಲಿ ಕಪ್ಪು ಚರ್ಮದ ಚೀಲ. ಅವರ ತಮ್ಮ ಹಿಂದಿನಿಂದ ಪೆಟ್ಟಿಗೆ ಎತ್ತಿ ಕೊಟ್ಟು ಇಳಿದು ಹೋದರು.

‘ನೀವ್ ನಿಮ್ಮ್ ಕೆಲ್ಸ ಮಾಡಿ’ ಎಂದರು ಅತ್ತೆ ನನಗೆ. ‘ನಾನ್ ಬಂದಿದೆ ಅಂದ್ ಎಂತ ಬದಲ್ ಮಾಡ್ಬೇಡಿ. ನಾನ್ ಮನೆ ಕಾಣ್ತೆ.’

ಕುಂದಾಪುರದಲ್ಲಿ ಹತ್ತಿದವರಿಗೆ ಹೊದಿಕೆ ಹಂಚಿ ಮುಗಿಸುವಷ್ಟರಲ್ಲಿ ಬೈಂದೂರು ಬಂತು. ಪ್ಲಾಟ್‌ಫಾರ್ಮಿನಲ್ಲಿ ಅಮ್ಮ. ಯಾರನ್ನೋ ಬಿಡಲು ಬಂದವಳ ಹಾಗೆ ದೂರ ನಿಂತಿದ್ದಳು. ನಾನು ಬಾಗಿಲಿಗೆ ಬಂದ ಕೂಡಲೇ ನನ್ನ ತಲೆ ನೋಡಿದಳು, ಬಾಚಿದ್ದು ಕಂಡು ಸಮಾಧಾನವಾಯಿತು, ಆಮೇಲೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ತಲೆಯಾಡಿಸಿದೆ. ದಿಂಬಿನ ವಿಷಯ ಅವಳಿಗೆ ಗೊತ್ತಿಲ್ಲವಲ್ಲ.

ಭಟ್ಕಳ ದಾಟುವಾಗ ಅತ್ತೆ ಎದ್ದರು. ನಾನು ಹತ್ತು ಮಾರು ಹಿಂದೆ ನಿಂತು ಟವೆಲು ಮಡಚುವ ನಾಟಕ ಮಾಡುತ್ತಿದ್ದೆ. ಮೊದಲು ಕೈತೊಳೆಯುವ ನಲ್ಲಿ ಒತ್ತಿದರು. ನೀರು ಸಣ್ಣಗೆ ಬಂದು ನಿಂತಿತು. ಇನ್ನೊಮ್ಮೆ ಒತ್ತಿದರು, ಇನ್ನೂ ಸಣ್ಣಗೆ ಬಂತು. ಕಕ್ಕಸಿನ ಬಾಗಿಲು ತೆಗೆದು ನೋಡಿ ಹಾಗೆಯೇ ಮುಚ್ಚಿದರು. ಕನ್ನಡಿಯ ಮೇಲೆ ಬೆರಳು ಎಳೆದು ಬೆರಳು ನೋಡಿಕೊಂಡರು. ಹೊದಿಕೆ ಇಡುವ ಕಪಾಟು ತೆರೆದು ಮಡಿಕೆಗಳನ್ನು ಒಂದೊಂದಾಗಿ ಮುಟ್ಟಿದರು. ಅದು ಮಾತ್ರ ಸರಿಯಾಗಿತ್ತು. ಬಟ್ಟೆ ಮಡಚುವುದರಲ್ಲಿ ನನ್ನನ್ನು ಮೀರಿಸುವವರು ಆ ರೈಲಿನಲ್ಲಿ ಇಲ್ಲ, ಇದು ಜಂಬವಲ್ಲ.

‘ಅಡಿಗೆ ಮನೆ ಎಲ್ಲಿತ್ತ್?’

‘ಪ್ಯಾಂಟ್ರಿ ಏಳೆಂಟ್ ಬೋಗಿ ಆಚಿಗಿತ್ತ್ ಅಮ್ಮ.’

‘ಗಂಡಸ್ರೇ ಬೇಯ್ಸುದಾ?’

‘ಹೌದ್.’

‘ಅದೊಂದ್ ಒಳ್ಳೇದ್’ ಎಂದರು. ಆಮೇಲೆ ‘ನೀವ್ ಮಲ್ಕಂಬುದ್ ಎಲ್ಲಿ?’ ಎಂದು ಕೇಳಿದರು.

ತೋರಿಸಿದೆ. ಬಾಗಿಲಿನ ಪಕ್ಕ, ಕಪಾಟಿನ ಬುಡದಲ್ಲಿ, ಕಿರಿದಾದ ಒಂದು ಹಲಗೆ. ಒಂದು ಕಡೆ ಕಕ್ಕಸು, ಇನ್ನೊಂದು ಕಡೆ ಬೋಗಿಯಿಂದ ಬೋಗಿಗೆ ಹೋಗುವ ಬಾಗಿಲು. ಅತ್ತೆ ಅದರ ಮೇಲೆ ಕೂತರು. ಅವರು ಕೂತಾಗಲೇ ಒಬ್ಬ ಚಹಾದವನು ಬಾಗಿಲು ಧಡಾರೆಂದು ತೆಗೆದು ಒಳಗೆ ಬಂದ, ಇನ್ನೊಬ್ಬ ಪ್ರಯಾಣಿಕ ಕಕ್ಕಸಿನಿಂದ ಹೊರಗೆ ಬಂದು ಒದ್ದೆ ಕೈ ಕೊಡವಿದ. ಅತ್ತೆ ಸೀರೆಯ ಮೇಲೆ ಬಿದ್ದ ಹನಿ ಒರೆಸಿಕೊಂಡು ಎದ್ದರು. ಅವರು ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕಾರವಾರ ದಾಟಿ ದೀಪ ಹಾಕಿದ ಮೇಲೆ ಅವರು ಶಾಸ್ತ್ರದ ಉಳಿದ ಭಾಗಕ್ಕೆ ಇಳಿದರು. ನೆರೆಯವರನ್ನು ವಿಚಾರಿಸುವುದು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಊರಿನಲ್ಲಾದರೆ ನೆರೆಯವರು ನನ್ನನ್ನು ಹುಟ್ಟಿದಂದಿನಿಂದ ನೋಡಿದವರು, ಬೇಕಾದರೆ ಒಂದಿಷ್ಟು ಮುಚ್ಚಿಟ್ಟು ಹೇಳುತ್ತಾರೆ. ಇಲ್ಲಿ ನನ್ನ ನೆರೆಯವರು ಎಂದರೆ ಮಧ್ಯಾಹ್ನ ಹತ್ತಿ ಬೆಳಿಗ್ಗೆ ಇಳಿದು ಹೋಗುವವರು.

ಅತ್ತೆ ಮೊದಲ ಸಾಲಿನಿಂದಲೇ ಶುರು ಮಾಡಿದರು. ಕನ್ನಡಕ ಏರಿಸಿ, ಚರ್ಮದ ಚೀಲ ಕಂಕುಳಲ್ಲಿ ಹಿಡಿದು, ಕ್ಯಾಂಟೀನಿನಲ್ಲಿ ಹುಡುಗರನ್ನು ಗದರಿಸಿ ಗಟ್ಟಿಯಾದ ಮುಂಬೈ ಹಿಂದಿಯಲ್ಲಿ, ಈ ಬೋಗಿಯ ಹುಡುಗ ಹೇಗೆ, ಸರಿಯಾಗಿ ಕೆಲಸ ಮಾಡುತ್ತಾನಾ ಎಂದು ಕೇಳಿದರು. ಅಲ್ಲಿ ಕೂತಿದ್ದ ಮರಾಠಿ ದಂಪತಿ ಕಾಲು ಕೆಳಗಿಟ್ಟು ನೆಟ್ಟಗೆ ಕೂತರು. ರೈಲ್ವೆಯಿಂದ ತಪಾಸಣೆಗೆ ಬಂದ ಅಧಿಕಾರಿ ಎಂದೇ ಅವರು ತಿಳಿದದ್ದು. ಅವರನ್ನು ದೂರುವ ಹಾಗಿಲ್ಲ, ಆ ನಿಲುವು ನೋಡಿದರೆ ನಾನೂ ಹಾಗೆಯೇ ತಿಳಿಯುತ್ತಿದ್ದೆ.

ಆಮೇಲೆ ಕೇಳಬೇಕೆ. ವರ್ಷಗಟ್ಟಲೆ ಯಾರೂ ಕೇಳದ ಪ್ರಶ್ನೆಯನ್ನು ಒಬ್ಬರು ಬಂದು ಕೇಳಿದ್ದಾರೆ. ಕಂಬಳಿ ವಾಸನೆ ಬರುತ್ತದೆ ಎಂದರು. ನಲ್ಲಿಯಲ್ಲಿ ನೀರಿಲ್ಲ. ಚಳಿ ಹೆಚ್ಚು, ಪರದೆ ಹರಿದಿದೆ, ಫೋನು ಚಾರ್ಜ್ ಆಗುವುದಿಲ್ಲ, ಟವೆಲು ಕರವಸ್ತ್ರದಷ್ಟಿದೆ. ಕಾಲೇಜು ಹುಡುಗಿಯರು ಮೇಲಿನ ಸೀಟಿನಿಂದ ಕಾಲು ಇಳಿಬಿಟ್ಟುಕೊಂಡು, ಜಿರಲೆ ಕಂಡಿತು ಎಂದರು. ದಿಂಬಿನ ಹಿರಿಯರಂತೂ ಎದ್ದು ನಿಂತು ನನ್ನ ಮಾತನ್ನೂ ತಮ್ಮ ಮಾತನ್ನೂ ಬೇರೆ ಬೇರೆ ದನಿಯಲ್ಲಿ ಅಭಿನಯಿಸಿ ತೋರಿಸಿದರು. ‘ಇನ್ನೊಂದು ತಲೆ ತೋರಿಸಿ ಅಂತಾನೆ ಮೇಡಂ. ಹಿರಿಯರ ಹತ್ತಿರ ಆಡುವ ಮಾತಾ ಇದು?’ ಅತ್ತೆ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಕಂಬಳಿಯ ರಾಶಿಯ ಹಿಂದೆ ನಿಂತು ನನ್ನ ಮದುವೆ ಸಾಲು ಸಾಲಾಗಿ ಮುರಿದು ಬೀಳುವುದನ್ನು ನೋಡುತ್ತಿದ್ದೆ.

ಸುದ್ದಿ ಬೋಗಿ ದಾಟಿ ಓಡಿತು. ಟಿ.ಟಿ. ಬಂದವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನನ್ನ ಕಿವಿಯಲ್ಲಿ, ‘ಯಾರಪ್ಪಾ ಮೇಡಂ, ಇನ್‌ಸ್ಪೆಕ್ಷನ್ನಾ?’ ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅತ್ತೆಗೆ ನಮಸ್ಕಾರ ಮಾಡಿ ಮುಂದೆ ಹೋದರು. ಸ್ವಲ್ಪ ಹೊತ್ತಿಗೆ ಕ್ಲೀನಿಂಗಿನವರು ಕರೆಯದೆ ಬಂದು ಕಕ್ಕಸು ತಿಕ್ಕಿ ತೊಳೆದು ಕನ್ನಡಿ ಒರೆಸಿದರು. ಪ್ಯಾಂಟ್ರಿಯಿಂದ ಆವಿ ಏಳುವ ಚಹಾ ಬಂತು. ನನ್ನ ಸರ್ವಿಸಿನಲ್ಲಿ ಆ ರೈಲಿನಲ್ಲಿ ಆವಿ ಏಳುವ ಚಹಾ ನೋಡಿದ್ದು ಅದೇ ಮೊದಲು. ಎಲ್ಲರಿಗೂ ಒಳ್ಳೆಯದಾಯಿತು, ನನ್ನೊಬ್ಬನನ್ನು ಬಿಟ್ಟು.

ಅತ್ತೆ ಊಟಕ್ಕೆ ಕೂತಾಗ ನನಗೆ ತಡೆಯಲಿಲ್ಲ. ನೇರ ಹಿರಿಯರ ಹತ್ತಿರ ಹೋದೆ.

‘ಸಾರ್, ಅವರು ಆಫೀಸರ್ ಅಲ್ಲ. ನನಗೆ ಹೆಣ್ಣು ಕೊಡಬೇಕಾದವರು. ಗಂಡಿನ ಮನೆ ನೋಡಲು ಬಂದದ್ದು. ಇದೇ ನನ್ನ ಮನೆ.’

ಹಿರಿಯರು ಚಪಾತಿ ಹಿಡಿದ ಕೈ ಹಾಗೆಯೇ ನಿಲ್ಲಿಸಿದರು. ಅವರ ಹೆಂಡತಿ ಅವರ ತೋಳಿಗೆ ಒಂದು ಕೊಟ್ಟರು. ‘ಒಂದು ದಿಂಬಿಗೋಸ್ಕರ ಹುಡುಗನ ಬಾಳು ಹಾಳು ಮಾಡಿದಿರಲ್ಲ.’

‘ನನಗೇನು ಗೊತ್ತು’ ಎಂದರು ಹಿರಿಯರು. ಚಪಾತಿ ಕೆಳಗಿಟ್ಟು, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಪಂಚಾಯತಿ ಚುನಾವಣೆಗೆ ನಿಂತವರು ಮನೆ ಮನೆಗೆ ಹೋಗುವ ಹಾಗೆ ಸಾಲಿನಿಂದ ಸಾಲಿಗೆ ಹೋಗಿ ಪಿಸುಗುಟ್ಟಿದರು. ನೋಡುನೋಡುತ್ತಿದ್ದಂತೆ ಬೋಗಿಯ ಗಾಳಿಯೇ ತಿರುಗಿತು. ಅತ್ತೆ ಕೈ ತೊಳೆಯಲು ಎದ್ದರೆ ದಾರಿಯುದ್ದಕ್ಕೂ ನನ್ನ ಗುಣಗಾನ. ಹುಡುಗಿಯರು, ‘ಜಿರಲೆ ಅಲ್ಲ ಆಂಟಿ, ಹುಣಸೆ ಬೀಜ. ಅಣ್ಣ ಎಷ್ಟು ಒಳ್ಳೆಯವರು ಗೊತ್ತಾ’ ಎಂದರು. ಮರಾಠಿ ಹೆಂಗಸು, ತನಗೆ ಮಗಳಿದ್ದರೆ ಈ ಹುಡುಗನನ್ನು ಬಿಡುತ್ತಿರಲಿಲ್ಲ ಎಂದಳು. ಅವಳ ಗಂಡ ಕಂಬಳಿಯನ್ನು ಮೂಗಿಗೆ ಹಿಡಿದು ಪರಿಮಳ ಎಂಬಂತೆ ಕಣ್ಣು ಮುಚ್ಚಿದ. ಹಿರಿಯರು, ಎರಡನೆಯ ದಿಂಬು ತಮಗೆ ಡಾಕ್ಟರೇ ಬೇಡ ಎಂದಿದ್ದಾರೆ, ಹುಡುಗ ತಮ್ಮ ಆರೋಗ್ಯಕ್ಕಾಗಿಯೇ ಕೊಡಲಿಲ್ಲ ಎಂದರು.

ಅವರ ಪ್ರೀತಿಗೆ ನನ್ನ ಹೊಟ್ಟೆ ತುಂಬಿತು, ಸುಳ್ಳಿಗೆ ತಲೆ ತಗ್ಗಿತು. ಮೊದಲ ಸಲ ನನಗೆ ಅನಿಸಿತು, ಇಷ್ಟು ವರ್ಷ ಈ ಜನರ ಮೇಲೆ ನಾನು ಸುಮ್ಮನೆ ಸಿಡುಕಿದೆ, ಇವರು ಇಷ್ಟು ಬೇಗ ಯಾರದೋ ಮದುವೆಗೆ ಸಂಬಂಧಿಕರಾಗಬಲ್ಲರು. ಅತ್ತೆ ಮಾತ್ರ ಕಲ್ಲಿನ ಹಾಗೆ ಎಲ್ಲರ ಮುಖ ನೋಡಿದರು. ಕ್ಯಾಂಟೀನು ನಡೆಸಿದವರ ಎದುರು ಇಷ್ಟು ಕೆಟ್ಟದಾಗಿ ಯಾರೂ ಸುಳ್ಳು ಹೇಳಬಾರದು. ‘ಆಯ್ತ್’ ಎಂದಷ್ಟೇ ಹೇಳಿ, ನನ್ನಿಂದ ಕಂಬಳಿ ತೆಗೆದುಕೊಂಡು, ಒಮ್ಮೆ ಮೂಸಿ ನೋಡಿ, ಹೊದ್ದು ಮಲಗಿದರು.

ದೀಪ ಆರಿತು. ಕೈ ತಪ್ಪಿತು ಎಂದುಕೊಂಡೆ. ಬ್ರಹ್ಮಾವರದ ಪೇಟೆ, ಹೊಲಿಗೆ ಅಂಗಡಿ, ಎದುರು ಎಳೆದ ಆ ಕುರ್ಚಿ ಎಲ್ಲ ನೆನಪಾಯಿತು. ಆದರೆ ನನ್ನ ಕೆಲಸದಲ್ಲಿ ದುಃಖಕ್ಕೂ ಪುರುಸೊತ್ತು ಇರುವುದಿಲ್ಲ. ಮರಾಠಿಯವರ ಮಗುವಿಗೆ ಹಾಲು ಕಲಸಲು ಬಿಸಿನೀರು ಬೇಕಾಯಿತು. ಒಬ್ಬ ಅಜ್ಜ ಕಕ್ಕಸಿಗೆ ಹೋಗಿ ಬಂದು ತನ್ನ ಸೀಟು ಮರೆತು ಹುಡುಗಿಯರ ಸೀಟಿಗೆ ಹತ್ತಲು ಹೊರಟಿದ್ದರು. ರತ್ನಗಿರಿಯಲ್ಲಿ ಹೊಸಬರು ಹತ್ತಿದರು. ಹೀಗೇ ನಡೆಯಿತು, ಎಲ್ಲ ರಾತ್ರಿಗಳ ಹಾಗೆ.

ಪನ್ವೇಲ್ ದಾಟುವಾಗ ಬೆಳಕಾಯಿತು. ಎಲ್ಲರೂ ಎದ್ದು ಪೆಟ್ಟಿಗೆ ಎಳೆಯತೊಡಗಿದರು, ನಾನು ಹೊದಿಕೆ ಒಟ್ಟು ಮಾಡುತ್ತ ಬಂದೆ. ಅತ್ತೆ ತಮ್ಮ ಕಂಬಳಿಯನ್ನು ತಾವೇ ಮಡಚಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಮಡಿಕೆ ಚೆನ್ನಾಗಿತ್ತು, ನನ್ನಷ್ಟಲ್ಲ.

‘ಊಟ ಆದ್ಮೇಲೆ ಇವ್ರ್ ಮಾತಾಡಿದ್ದ್ ಎಲ್ಲ ಸುಳ್ಳ್’ ಎಂದರು.

ನಾನು ಕೈಯಲ್ಲಿದ್ದ ಹೊದಿಕೆ ಮಡಚತೊಡಗಿದೆ.

‘ಮೊದ್ಲ್ ಮಾತಾಡಿದ್ದ್ ನಿಜ.’

ಅಮ್ಮ ತುಟಿಯ ಮೇಲಿಟ್ಟ ಬೆರಳು ನೆನಪಾಯಿತು. ಆದರೂ ಇನ್ನೇನು ಉಳಿದಿದೆ ಎಂದು ಬಾಯಿ ಬಿಟ್ಟೆ. ‘ನಿಜವೇ ಅಮ್ಮ. ಕಂಬ್ಳಿ ವಾಸ್ನಿ ಬತ್ತ್, ಅದನ್ನ್ ತೊಳುದ್ ನಾನಲ್ಲ. ದಿಂಬಿನ್ ಮಾತ್ ಆಡಿದ್ದ್ ನಾನೇ.’

‘ಗೊತ್ತಿತ್ತ್’ ಎಂದರು. ‘ಕಂಬ್ಳಿ ವಾಸ್ನಿ, ನೀರಿಲ್ಲ, ಚಳಿ, ಎದುರ್ ಮಾತಾಡ್ತ. ಎಲ್ಲ ಕೇಂಡೆ. ಇಡೀ ಬೋಗಿ ಬೈತ್. ಆದ್ರೆ ಕೂಗಿರೆ ಬತ್ತಿಲ್ಲ ಅಂದ್ ಒಬ್ರೂ ಹೇಳ್ಲಿಲ್ಲ.’

ಕೂಗಿದರೆ ಬರುವುದಿಲ್ಲ ಎಂಬ ದೂರು ಇರಲಿಲ್ಲ ಎಂಬುದು ನನಗೇ ಹೊಳೆದಿರಲಿಲ್ಲ.

‘ನಾನ್ ಮೂವತ್ ವರ್ಷ ಗಿರಾಕಿಗಳ ಹತ್ರ ಬೈಸ್ಕಂಡವಳ್. ಬೈವರ್ ಎಂತ ಬೈತ್ರ್ ಅಂದ್ ಕಾಂಬುದಲ್ಲ, ಎಂತ ಬೈಲಿಲ್ಲ ಅಂದ್ ಕಾಣ್ಕ್. ರಾತ್ರಿ ನಾನೂ ಕಣ್ ಮುಚ್ಕಂಡದ್ದಷ್ಟೆ, ನಿದ್ರಿ ಮಾಡ್ಲಿಲ್ಲ.’

‘ಎದುರ್ ಮಾತಾಡುದ್?’ ಎಂದು ಕೇಳಿಬಿಟ್ಟೆ. ಬಾಯಿ ಕೇಳಬೇಕಲ್ಲ.

‘ನಮ್ಮ್ ಹೆಣ್ಣ್ ನಿನ್ಕಿಂತ ಹೆಚ್ಚ್ ಮಾತಾಡತ್ತ್. ಅದನ್ನ್ ನೀವಿಬ್ರೇ ಕಾಣ್ಕಣಿ.’

ನಿನ್ನೆ ಬಾರ್ಕೂರಿನಿಂದ ನೀವು ಎನ್ನುತ್ತಿದ್ದವರು ನಿನ್ನ ಎಂದಿದ್ದರು. ಅದು ನನಗೆ ತಲೆಗೆ ಹೋಗುವಷ್ಟರಲ್ಲಿ ಅವರು ಫೋನು ತೆಗೆದು ತಮ್ಮನಿಗೆ ಕರೆ ಮಾಡಿದ್ದರು. ಸುತ್ತಲಿನವರು ಪೆಟ್ಟಿಗೆಗಳ ಸದ್ದು ನಿಲ್ಲಿಸಿದರು. ಕನ್ನಡ ಬಾರದ ಮರಾಠಿ ದಂಪತಿ ಕೂಡ ಕುತ್ತಿಗೆ ಚಾಚಿದರು.

‘ಹಾಂ, ನಾನೇ. ಮನೆ ಕಂಡಾಯ್ತ್. ಮನೆ ಸಮ ಇಲ್ಲ ಮಾರಾಯಾ. ಬಚ್ಚಲಂಗ್ ನೀರಿಲ್ಲ, ಕಾಲ್ ನೀಡುಕ್ ಜಾಗ ಇಲ್ಲ, ರಾತ್ರಿಯಿಡೀ ಬಾಗಿಲ್ ಬಡಿತ್.’ ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದರು. ಆಮೇಲೆ, ‘ಹೈದ ಅಕ್ಕ್’ ಎಂದರು.

ಅಕ್ಕ್ ಎಂದರೆ ಆಗಬಹುದು. ಹಿರಿಯರು ಅದನ್ನು ಹಿಂದಿಗೆ ಅನುವಾದ ಮಾಡಿ ಬೋಗಿಗೆಲ್ಲ ಸಾರಿದರು. ಹುಡುಗಿಯರು ಚಪ್ಪಾಳೆ ತಟ್ಟಿದರು, ಯಾರೋ ಲಾಡು ಹಂಚಿದರು, ಹಿರಿಯರು ಎಲ್ಲವೂ ತಮ್ಮ ಪ್ರಚಾರದಿಂದಲೇ ಆಯಿತೆಂದು ನಂಬಿ ನನ್ನ ಬೆನ್ನು ತಟ್ಟಿ ಇಳಿದು ಹೋದರು. ನಾನು ಅವರ ನಂಬಿಕೆ ಕೆಡಿಸಲಿಲ್ಲ. ನನಗೆ ಅಳು ಬಂದಿತ್ತು. ಕಂಬಳಿಯ ರಾಶಿಗೆ ಮುಖ ಒತ್ತಿ ಅತ್ತುಬಿಟ್ಟೆ. ವಾಸನೆ ಬರುವುದು ನಿಜ.

ಅತ್ತೆಯ ಪೆಟ್ಟಿಗೆ ಇಳಿಸಲು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವರು ನನ್ನ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

‘ಈ ಮನಿ ಬಿಡ್ಕ್ ಅಂದ್ ಹೇಳುದಿಲ್ಲ. ಆದ್ರೆ ಆ ಮನಿಯಂಗೂ ಕೂಗಿರೆ ಏಳ್ಕ್.’

‘ಏಳ್ತೆ’ ಎಂದೆ.

ಮದುವೆಯ ದಿನ ಪುರೋಹಿತರು ನನ್ನಿಂದ ಏನೇನೋ ಹೇಳಿಸಿದರು, ಅದರಲ್ಲಿ ಒಂದೂ ನೆನಪಿಲ್ಲ. ನಾನು ಕೊಟ್ಟ ಮಾತು ಆ ಪ್ಲಾಟ್‌ಫಾರ್ಮಿನಲ್ಲಿ ಕೊಟ್ಟದ್ದೊಂದೇ, ಅದನ್ನು ಅತ್ತೆ ಊರು ಮುಟ್ಟಿದ ಕೂಡಲೇ ಹುಡುಗಿಗೆ ಹೇಳಿಬಿಟ್ಟಿದ್ದಾರೆ. ಈಗ ನಮಗೊಬ್ಬಳು ಮಗಳಿದ್ದಾಳೆ. ನಾನು ರಜೆಯಲ್ಲಿ ಮನೆಯಲ್ಲಿದ್ದಾಗ ಅವಳು ನಡುರಾತ್ರಿ ಎದ್ದು ನೀರು ಕೇಳಿದರೆ ನನ್ನ ಹೆಂಡತಿ ಕಣ್ಣು ಕೂಡ ತೆರೆಯುವುದಿಲ್ಲ. ನನ್ನನ್ನು ಒಂದೇ ಸಲ ಕೂಗುತ್ತಾಳೆ.